‘ಡಿಡ್’ ಬಂದ ಮೇಲೆ ಕ್ರಿಯಾಪದ ಬದಲಿಸಬೇಡಿ
ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಸಂದರ್ಶನಗಳಿಗೆ ಸಿದ್ಧರಾಗುತ್ತಿರುವ ಗೆಳೆಯರೇ, ಇದೊಂದನ್ನು ಗಟ್ಟಿ ಮಾಡಿಕೊಳ್ಳಿ. ಇಂಗ್ಲಿಷ್ ವಾಕ್ಯದಲ್ಲಿ ‘ಡಿಡ್’ ಬಂದರೆ ಭೂತಕಾಲದ ಭಾರವನ್ನು ಅದೇ ಹೊರುತ್ತದೆ. ಮುಂದಿನ ಕ್ರಿಯಾಪದ ಮೂಲರೂಪದಲ್ಲೇ ಉಳಿಯಬೇಕು. ‘ಐ ಡಿಡ್ ನಾಟ್ ವೆಂಟ್ ಟು ಚಿತ್ರದುರ್ಗ’ ತಪ್ಪು, ‘ಐ ಡಿಡ್ ನಾಟ್ ಗೋ’ ಸರಿ. ನಮಗೆ ಇದು ತೀರಾ ಹೊಸದೂ ಅಲ್ಲ: ‘ಹೋದೆ’ ಎನ್ನುವ ನಾವು ‘ಹೋಗಲಿಲ್ಲ’ ಎನ್ನುತ್ತೇವೆಯೇ ಹೊರತು ‘ಹೋದಲಿಲ್ಲ’ ಎನ್ನುವುದಿಲ್ಲವಲ್ಲ!

ಪ್ರಶ್ನೆಗೂ ಇದೇ ನಿಯಮ: ‘ಡಿಡ್ ದ ಬಸ್ ಕಮ್?’ ಆದರೆ ‘ಯಾರು ಬಂದರು’ ಎಂದು ಕೇಳುವಾಗ ‘ಹೂ’ ಎಂಬುದೇ ಕರ್ತೃ. ಅಲ್ಲಿ ‘ಡಿಡ್’ ಬೇಡ, ‘ಹೂ ಕೇಮ್?’ ಸಾಕು.

ನಿನ್ನೆ ಮಾಡದೆ ಬಿಟ್ಟ ಕೆಲಸಗಳನ್ನು ಜೋರಾಗಿ ಹೇಳುತ್ತಾ ಅಭ್ಯಾಸ ಮಾಡಿ. ಬರೆಯುವುದಕ್ಕಿಂತ ಹೀಗೆ ಬೇಗ ರೂಢಿಯಾಗುತ್ತದೆ.