ವಿಜಯಪುರದಲ್ಲಿ ಗದ್ದಲವಿಲ್ಲದ ಸುತ್ತು: ನನ್ನ ಆಟೋ ಅನುಭವ

ಡಿಸೆಂಬರಿನ ಗೋಳಗುಮ್ಮಟ ಹೇಗಿರುತ್ತದೆ ಅಂತ ಆಟೋದವರಿಗೆ ಹೇಳಬೇಕಿಲ್ಲ. ಶಾಲೆ ಟ್ರಿಪ್ಪಿನ ಬಸ್ಸುಗಳ ಸಾಲು. ಮೇಲಿನ ಗ್ಯಾಲರಿಯಲ್ಲಿ ಒಂದು ಕೂಗು ಏಳು ಸಲ ಮರಳಿ ಬರುತ್ತದೆ ಅಂತಾರೆ. ಇನ್ನೂರು ಮಕ್ಕಳು ಕೂಗಿದರೆ ಲೆಕ್ಕ ನೀವೇ ಹಾಕಿ.

ಶಾಂತ ಜಾಗಗಳ ಅರ್ಧ ದಿನದ ಬಾಡಿಗೆ ಶುರು ಮಾಡುತ್ತೇನೆ ಅಂದಾಗ ಸ್ಟ್ಯಾಂಡಿನಲ್ಲಿ ನಕ್ಕರು. "ಗೋರಿ ಹತ್ರ ಸುಮ್ನ ಕೂಡಾಕ ಯಾರ್ ರೊಕ್ಕ ಕೊಡ್ತಾರೋ ದೋಸ್ತ?" ಈಗ ಅವರೇ ಗಿರಾಕಿ ಕಳಿಸು ಅಂತಾರೆ.

ಮೊದಲು ಸಂಜೆ ಬಾರಾಕಮಾನಿಗೆ ಕರೆದೊಯ್ಯುತ್ತಿದ್ದೆ. ಅದು ಸುಲ್ತಾನ ಎರಡನೇ ಅಲಿ ಆದಿಲ್ ಶಾನ ಗೋರಿ. 1672ರಲ್ಲಿ ಅವನು ತೀರಿಕೊಂಡ ಮೇಲೆ ಅಲ್ಲಿ ಕಟ್ಟುವ ಕೆಲಸ ನಿಂತಿತು. ರೀಲ್ಸ್ ಕೆಲಸ ಮಾತ್ರ ನಿಲ್ಲುವುದಿಲ್ಲ. ಅದನ್ನು ಬಿಟ್ಟು ಸಾಠ್ ಕಬರ್, ಅಂದರೆ ಅರವತ್ತು ಗೋರಿಗಳ ಜಾಗ ಹಿಡಿದೆ. ಸದ್ದೇನೋ ಇಲ್ಲ, ಆದರೆ ಮಳೆಗಾಲದ ಎರೆಮಣ್ಣು! ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರದಷ್ಟು ಮೆತ್ತಿಕೊಂಡಿತು. ಕಟ್ಟಿಗೆಯಿಂದ ಕೆರೆದು ಸಾಕಾಗಿ, ಟ್ರ್ಯಾಕ್ಟರಿನವನಿಗೆ ಐದುನೂರು ಕೊಟ್ಟು ಎಳೆಸಿದೆ. ಅವತ್ತಿನ ಬಾಡಿಗೆಯೇ ಆರುನೂರು. ಇನ್ನೊಂದು ಮಾತು: ಆದಿಲ್ ಶಾಹಿ ಸೇನಾಪತಿ ಅಫಜಲ್ ಖಾನ್ ತನ್ನ ಹೆಂಡಂದಿರನ್ನು ಕೊಂದು ಅಲ್ಲಿ ಹೂಳಿಸಿದ ಕಥೆಯನ್ನು ಅಲ್ಲೇ ಹೇಳಿದರೆ ಯಾರೂ ಕೂರುವುದಿಲ್ಲ. ವಾಪಸ್ ಬರುವಾಗ ಹೇಳಿ.

ಈಗಿನ ದಾರಿ ಇದು. ಬಾಗಿಲು ತೆಗೆದ ಕೂಡಲೇ ಗುಮ್ಮಟ. ಬಸ್ಸುಗಳು ಬರುವಷ್ಟರಲ್ಲಿ ಐನಾಪುರದ ಜಹಾನ್ ಬೇಗಂ ಗೋರಿ. ಅದೂ ಗುಮ್ಮಟದಷ್ಟೇ ದೊಡ್ಡದಾಗಿ ಏಳಬೇಕಿದ್ದು ಅರ್ಧಕ್ಕೆ ನಿಂತದ್ದು. ಎರಡನ್ನೂ ಒಂದೇ ಬೆಳಗ್ಗೆ ನೋಡಿದವರು ತಾವಾಗಿಯೇ ಸುಮ್ಮನಾಗುತ್ತಾರೆ. ಆಮೇಲೆ ಊರು ದಾಟಿ ತೊರವಿ ಕಡೆ, ನವರಸಪುರದ ಸಂಗೀತ ಮಹಲು. ಚಾಪೆ ಹಾಸಿ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತೇನೆ. ಮೇ ತಿಂಗಳಲ್ಲಿ ಮಾತ್ರ ಬೇಡ, ಕಲ್ಲು ಕಾದು ಕೂರಲಾಗುವುದಿಲ್ಲ.

ನಡುವೆ ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ ನೋಡಿದೆ. ಮಧ್ಯಾಹ್ನ ಗುಮ್ಮಟದ ಗ್ಯಾಲರಿ ತೊಂಬತ್ತು ಡೆಸಿಬೆಲ್ ಆಸುಪಾಸು, ಎರಡನೇ ಇಬ್ರಾಹಿಂ ಆದಿಲ್ ಶಾನ ಗೋರಿಯಾದ ಇಬ್ರಾಹಿಂ ರೋಜಾದ ಒಂದು ಮೂಲೆ ನಲವತ್ತು ಚಿಲ್ಲರೆ. ನನ್ನ ಆಟೋನೇ ಎಂಬತ್ತು! ಅವತ್ತಿನಿಂದ ದೂರದಲ್ಲೇ ನಿಲ್ಲಿಸಿ ನಡೆಸುತ್ತೇನೆ. ರೋಜಾದ ಆ ಮೂಲೆ ಯಾವುದು, ಎಷ್ಟು ಗಂಟೆಗೆ ಹೋಗಬೇಕು ಅಂತ ಕೇಳಬೇಡಿ. ಹೊಟ್ಟೆಪಾಡು.

ಮೊದಲ ವರ್ಷ ಪೆಟ್ರೋಲಿಗೂ ಸಾಲಲಿಲ್ಲ, ಅಂಗಡಿಗಳ ಕಮಿಷನ್ನೂ ಹೋಯಿತು. ಈಗ ಊಟ ಸೇರಿ ಸಾವಿರದ ಇನ್ನೂರು, ಖರ್ಚು ಕಳೆದು ಏಳುನೂರು ಉಳಿಯುತ್ತದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದಾಗ ಮಾತ್ರ ಈ ಸುತ್ತು ಬಂದ್. ಆ ವಾರ ಸ್ಟೇಷನ್ನಿಗೂ ಜಾತ್ರೆಗೂ ಸೀಟು ಹೊಡೆದರೆ ಇದಕ್ಕಿಂತ ಜಾಸ್ತಿ ಸಿಗುತ್ತದೆ.