ಕುರುಬನನ್ನು ನೋಡಿದ್ದು ಬನ್ನೂರಿನಲ್ಲಿ: ಮಗಳಿಗೆ ಮನೆಯಲ್ಲೇ ಪ್ರೀಸ್ಕೂಲ್ ಮಾಡಿದ ನನ್ನ ಅನುಭವ

ಮಗಳಿಗೆ ಮೂರು ತುಂಬಿದ ವಾರವೇ ಅಕ್ಕಪಕ್ಕದವರು ಕೇಳಲು ಶುರು ಮಾಡಿದರು. "ಯಾವ ಸ್ಕೂಲಿಗೆ ಹಾಕ್ತೀರಾ?" ನಾನೂ ನಮ್ಮ ಯಜಮಾನರೂ ಆಗಲೇ ಮಾತಾಡಿಕೊಂಡಿದ್ದೆವು. ಒಂದನೇ ಕ್ಲಾಸಿನ ತನಕ ಮನೆಯಲ್ಲೇ ಇರಲಿ ಅಂತ. ಅಷ್ಟು ಚಿಕ್ಕ ಮಗುವನ್ನು ಬೆಳಿಗ್ಗೆ ಬೆಳಿಗ್ಗೆ ಎಬ್ಬಿಸಿ ವ್ಯಾನ್ ಹತ್ತಿಸಲು ನನಗೆ ಮನಸ್ಸು ಬರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ದೇವರ ವಿಷಯ ಅವಳು ಮೊದಲು ನಮ್ಮ ಬಾಯಿಂದ ಕೇಳಬೇಕು ಅನ್ನಿಸಿತ್ತು. ಬೈಬಲ್ಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಹೇಳುವುದೂ ಅದನ್ನೇ ಅಲ್ವಾ? ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಿ ಅಂತ.

ನಾವು ಮೈಸೂರಿನವರು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದ ಕ್ರೈಸ್ತರು. ಮನೆಮಾತು ಕನ್ನಡ, ಪ್ರಾರ್ಥನೆಯೂ ಕನ್ನಡದಲ್ಲೇ. ಇದನ್ನು ಮೊದಲೇ ಹೇಳಲು ಕಾರಣ ಇದೆ. ಪಠ್ಯ ಹುಡುಕಲು ಕೂತಾಗ ನಾನು ಮರೆತಿದ್ದು ಇದನ್ನೇ.

ನಮ್ಮ ಅತ್ತೆಗೆ ಬೇರೆ ಭಯ. "ಎಲ್.ಕೆ.ಜಿ., ಯು.ಕೆ.ಜಿ. ಇಲ್ದೆ ಒಂದನೇ ಕ್ಲಾಸಿಗೆ ಯಾರು ತಗೋತಾರಮ್ಮ?" ಅಂದರು. ಸುಮ್ನೆ ಸಮಾಧಾನ ಹೇಳದೆ ಕಾಯ್ದೆಯನ್ನೇ ಓದಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ ಲೆಕ್ಕ 6ರಿಂದ 14 ವರ್ಷದ ಮಕ್ಕಳದ್ದು. ಮೂರು ವರ್ಷದ ಮಗು ಶಾಲೆಗೆ ಹೋಗಲೇಬೇಕು ಅಂತ ಅದರಲ್ಲಿಲ್ಲ. ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆ ಮಾಡಿ ಆರಿಸಬಾರದು ಅಂತ 13ನೇ ಸೆಕ್ಷನ್ ಹೇಳುತ್ತದೆ. ಆದರೆ ನಮ್ಮಂಥವರು ಒಂದು ವಿಷಯ ಗಮನಿಸಬೇಕು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಂದರೆ ಮುಂದೆ ಚರ್ಚಿನ ಶಾಲೆಗೇ ಸೇರಿಸುವ ಆಸೆ ಇದ್ದರೆ, ಅಲ್ಲಿಗೆ ಮೊದಲೇ ಹೋಗಿ ಕೇಳಿಕೊಂಡು ಬರುವುದು ಒಳ್ಳೆಯದು. ನಾವು ಹೋಗಿ ಕೇಳಿದೆವು. ಆಮೇಲೆ ಅತ್ತೆಯ ಭಯ ಅರ್ಧ ಇಳಿಯಿತು.

ಇನ್ನು ಪಠ್ಯ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕಣ್ಣಿಗೆ ಬೀಳುವುದೆಲ್ಲ ಅಮೆರಿಕದ್ದು. ಫ್ಲಾರಿಡಾದ ಪೆನ್ಸಕೋಲಾದಿಂದ ಬರುವ ಅಬೇಕಾ ಇದೆ. ಶಾಲೆಯ ತರಗತಿಯನ್ನೇ ಮನೆಗೆ ತಂದ ಹಾಗೆ, ದಿನಕ್ಕಿಷ್ಟು ಅಂತ ಅಳತೆ ಮಾಡಿಟ್ಟ ಪಾಠ. ಸೋನ್‌ಲೈಟ್ ಇದೆ. 1990ರಲ್ಲಿ ಹೊರದೇಶಗಳಲ್ಲಿರುವ ಮಿಷನರಿ ಕುಟುಂಬಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಶುರು ಮಾಡಿದ್ದು. ಅದರಲ್ಲಿ ಎಲ್ಲವೂ ಕಥೆಪುಸ್ತಕಗಳ ಮೇಲೆ ನಿಂತಿದೆ. ಇಂಗ್ಲೆಂಡಿನ ಷಾರ್ಲೆಟ್ ಮೇಸನ್ ಅವರ ದಾರಿ ಹಿಡಿದವರೂ ಬೇಕಾದಷ್ಟು ಜನ ಇದ್ದಾರೆ. 1842ರಲ್ಲಿ ಹುಟ್ಟಿದ ಆಕೆ, ಆರು ವರ್ಷದ ತನಕ ಮಗುವಿಗೆ ಕೂರಿಸಿ ಪಾಠ ಬೇಡ, ಹೆಚ್ಚು ಹೊತ್ತು ಹೊರಗೆ ಬಿಡಿ ಅನ್ನುತ್ತಿದ್ದರು. ನಮ್ಮ ಬೀದಿಯಲ್ಲೇ ಇರುವ ಕ್ಯಾಥೊಲಿಕ್ ಗೆಳತಿಯೊಬ್ಬರು ಇನ್ನೊಂದನ್ನು ತೋರಿಸಿದರು. ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲೆಟ್ಟಿ, ಜಿಯಾನ್ನಾ ಗೊಬ್ಬಿ ಎಂಬ ಇಬ್ಬರು ಹೆಂಗಸರು ಮಾಂಟೆಸರಿ ಪದ್ಧತಿಯಿಂದ ಬೆಳೆಸಿದ ಧರ್ಮೋಪದೇಶದ ಕ್ರಮ ಅದು. ಅದರ ಹೆಸರಿನಲ್ಲೇ ಒಳ್ಳೆಯ ಕುರುಬ, ಅಂದರೆ ಯೇಸು, ಇದ್ದಾನೆ. ಸಣ್ಣ ಮರದ ಕುರಿಗಳನ್ನು ಮಗುವೇ ಕೈಯಲ್ಲಿ ಹಿಡಿದು ಸಾಗಿಸುತ್ತಾ ಕಥೆ ಕೇಳುತ್ತದೆ. ನನಗೆ ಅದು ಬಹಳ ಹಿಡಿಸಿತು. ನಾವು ಬೇರೆ ಸಭೆಯವರಾದ್ದರಿಂದ ಅದನ್ನು ಪೂರ್ತಿ ತಗೊಳ್ಳಲಿಲ್ಲ. ಆದರೆ ಮಗುವಿನ ಕೈಗೆ ಕಥೆಯನ್ನು ಕೊಡಬೇಕು ಅನ್ನೋದನ್ನು ಅಲ್ಲಿಂದಲೇ ಕಲಿತೆ.

ಇಷ್ಟೆಲ್ಲ ನೋಡಿ ಕೊನೆಗೆ ನಾನು ತಗೊಂಡಿದ್ದು ನನ್ನ ಚಿಕ್ಕಮ್ಮನ ಮಗಳು ಬಳಸಿ ಮುಗಿಸಿದ್ದ ಒಂದು ಸೆಟ್. ಹೆಸರು ಹೇಳುವುದಿಲ್ಲ. ತಪ್ಪು ಸೆಟ್ಟಿನದ್ದಲ್ಲ, ಆರಿಸಿದ ನನ್ನದು. ಚಂದದ ಪೆಟ್ಟಿಗೆ. ವಾರಕ್ಕೊಂದು ಅಕ್ಷರ, ವಾರಕ್ಕೊಂದು ಬೈಬಲ್ ಕಥೆ, ಜೊತೆಗೆ ಬರೆಯುವ ಹಾಳೆಗಳು. ಎಲೆ ಉದುರುವ ಕಾಲದ ಪಾಠಕ್ಕೆ ಮೇಪಲ್ ಎಲೆ ಆರಿಸಿ ತರಬೇಕು. ಡಿಸೆಂಬರಿನಲ್ಲಿ ಹಿಮದ ಗೊಂಬೆ ಮಾಡಬೇಕು. ನಾನು ಹತ್ತಿ ತಂದು ಹಿಮ ಅಂತ ತೋರಿಸಿದೆ. ಮೂರೂವರೆ ವರ್ಷದ ಬೆರಳಿಗೆ ಪೆನ್ಸಿಲ್ ಹಿಡಿಸಿ ಚುಕ್ಕೆ ಸೇರಿಸಲು ಕೂರಿಸಿದೆ. ಮೂರನೇ ವಾರಕ್ಕೆ, ಪೆಟ್ಟಿಗೆ ತೆಗೆದರೆ ಸಾಕು, ಅವಳು ಎದ್ದು ಅಜ್ಜಿ ಹತ್ತಿರ ಓಡಿಹೋಗುತ್ತಿದ್ದಳು. ಒಂದು ದಿನ ಅತ್ತಳು. ನಾನೂ ಅತ್ತೆ.

ಅವತ್ತು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅಜ್ಜಿ 23ನೇ ಕೀರ್ತನೆ ಹೇಳಿದರು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಮಗಳು ತಲೆ ಎತ್ತಿ, "ಕುರುಬ ಅಂದ್ರೆ ಯಾರಜ್ಜಿ?" ಅಂದಳು. ಅದೇ ತಿಂಗಳು ಪೆಟ್ಟಿಗೆಯ ಪಾಠದಲ್ಲಿ ಶೆಫರ್ಡ್ ಅಂತ ಒಂದು ಚಿತ್ರ ಬಂದಿತ್ತು. ಉದ್ದ ನಿಲುವಂಗಿ, ಹಸಿರು ಗುಡ್ಡ, ಉಬ್ಬಿದ ಉಣ್ಣೆಯ ಬಿಳಿ ಕುರಿ. ಅವಳು ಆ ಚಿತ್ರಕ್ಕೆ ಬಣ್ಣ ತುಂಬಿದ್ದಳು. ಶೆಫರ್ಡ್ ಅಂತ ಹೇಳಲೂ ಬರುತ್ತಿತ್ತು. ಆದರೆ ಅಜ್ಜಿ ದಿನಾ ಹೇಳುವ ಕೀರ್ತನೆಯಲ್ಲಿ ಇರುವವನೂ ಅವನೇ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ನನ್ನ ತವರು ಮಳವಳ್ಳಿ ಕಡೆ. ಮೈಸೂರಿನಿಂದ ಹೋಗುವಾಗ ಬನ್ನೂರು ದಾಟಬೇಕು. ಮುಂದಿನ ಶನಿವಾರ ಹೊರಟೆವು. ಬನ್ನೂರು ಕುರಿಯನ್ನು ನೀವು ನೋಡಿರುತ್ತೀರಿ. ಗಿಡ್ಡ ಕಾಲು, ದುಂಡಗಿನ ಗಟ್ಟಿ ಮೈ. ಹಿಂದಿನಿಂದ ನೋಡಿದರೆ ತಲೆಕೆಳಗಾದ ಇಂಗ್ಲಿಷ್ ಯು ಅಕ್ಷರದ ಹಾಗೆ ಕಾಣುತ್ತದೆ. ರಸ್ತೆ ಬದಿ ಒಬ್ಬರು ಹಿರಿಯರು ಹಿಂಡು ಮೇಯಿಸುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಗಾಡಿ ನಿಲ್ಲಿಸಿ ಮಾತಾಡಿಸಿದೆವು. ಮಳೆ ಬಂದರೆ ಎಳೇ ಮರಿಗಳನ್ನು ಏನು ಮಾಡ್ತೀರಿ ಅಂತ ನಾನೇ ಕೇಳಿದೆ. "ಕಂಬಳಿ ಒಳಕ್ಕೆ ಹಾಕ್ಕೊತೀನಿ ಕಣವ್ವ" ಅಂದರು. ಕಾರಿಗೆ ಹತ್ತಿದ ಮೇಲೆ ತುಂಬಾ ಹೊತ್ತು ಮಗಳು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಮ್ಮ, ಯೆಹೋವನ ಹತ್ರಾನೂ ಕಂಬಳಿ ಇದ್ಯಾ?"

ನನ್ನ ಪಠ್ಯ ಬದಲಾದದ್ದು ಆ ಪ್ರಶ್ನೆಯಿಂದ. ಬೈಬಲ್ಲಿನಲ್ಲಿ ಬಿತ್ತುವವನಿದ್ದಾನೆ, ಕಣವಿದೆ, ಮೊರವಿದೆ, ಬಾವಿಯಿದೆ, ಸಾಸಿವೆ ಕಾಳಿದೆ, ಉಪ್ಪಿದೆ, ದೀಪವಿದೆ. ಮಂಡ್ಯ, ಮೈಸೂರು ಕಡೆಯ ಮಗುವಿಗೆ ಇವೆಲ್ಲ ಕೈಗೆ ಸಿಗುವ ವಸ್ತುಗಳು. ಇದನ್ನು ಬಿಟ್ಟು ನಾನು ಹತ್ತಿಯಲ್ಲಿ ಹಿಮ ಮಾಡುತ್ತಾ ಕೂತಿದ್ದೆ. ಹೊರಗಿನ ಪಠ್ಯ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕಥೆಗಳನ್ನು ಯಾವ ವರಸೆಯಲ್ಲಿ ಹೇಳಬೇಕು, ಒಂದು ವಾರಕ್ಕೆ ಎಷ್ಟು ಸಾಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಆ ವರಸೆಯನ್ನು ಇಟ್ಟುಕೊಂಡೆ. ಅದರೊಳಗೆ ತುಂಬಿದ್ದು ನಮ್ಮ ಊರು, ನಮ್ಮ ಮಾತು.

ಆರಿಸುವಾಗ ಇನ್ನೊಂದನ್ನೂ ನೋಡಿ. ಅದನ್ನು ತಯಾರಿಸಿದವರ ನಂಬಿಕೆಯ ಹೇಳಿಕೆ ಸಾಮಾನ್ಯವಾಗಿ ಅವರ ವೆಬ್‌ಸೈಟಿನಲ್ಲಿ ಇರುತ್ತದೆ. ಕೊಳ್ಳುವ ಮೊದಲು ಅದನ್ನು ಓದಿ. ದೀಕ್ಷಾಸ್ನಾನ, ಸೃಷ್ಟಿಯ ಆರು ದಿನ, ಸಂತರು, ಇಂಥ ವಿಷಯಗಳಲ್ಲಿ ಸಭೆಯಿಂದ ಸಭೆಗೆ ವ್ಯತ್ಯಾಸ ಇದೆ. ಆಮೇಲೆ ಯಾವುದಾದರೂ ಎರಡು ಪಾಠ ಓದಿ, ಮಗು ತಪ್ಪು ಮಾಡಿದಾಗ ದೇವರು ಹೇಗೆ ಕಾಣುತ್ತಾನೆ ಅಂತ ನೋಡಿ. ಒಂದು ಪಠ್ಯದಲ್ಲಿ ನೋಹನ ಕಥೆ ಮುಗಿಯುವುದು ಮಾತು ಕೇಳದವರೆಲ್ಲ ಮುಳುಗಿದರು ಅನ್ನೋ ಕಡೆ. ಮೂರು ವರ್ಷದ ಮಗುವನ್ನು ಅಲ್ಲಿಗೆ ತಂದು ಬಿಟ್ಟು ಪುಸ್ತಕ ಮುಚ್ಚಬಾರದು. ನಾನು ಕಾಮನಬಿಲ್ಲಿನ ತನಕ ಹೇಳುತ್ತೇನೆ.

ನಮ್ಮ ಪಾಠದ ಹೊಸ ವರ್ಷ ಶುರುವಾದದ್ದು ಬೈಬಲ್ಲಿನ ಸೃಷ್ಟಿಯ ಕಥೆಯಿಂದ. ಒಂದೊಂದು ದಿನಕ್ಕೆ ಒಂದೊಂದು ವಾರ. ಬೆಳಕಿನ ವಾರ ಕರೆಂಟ್ ಹೋದಾಗ ಹಣತೆ ಹಚ್ಚಿದೆವು. ಮೂರನೇ ದಿನಕ್ಕೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ಸೊಪ್ಪು, ಹೂವು, ಬಾಳೆ ಎಲ್ಲ ಮೂಸಿ ನೋಡಿದೆವು. ನಾಲ್ಕನೇ ದಿನಕ್ಕೆ ಮಹಡಿ ಮೇಲೆ ಚಾಪೆ ಹಾಸಿ ಮಲಗಿದೆವು. ಐದನೇ ದಿನ ಮೀನು, ಹಕ್ಕಿ. ಕುಕ್ಕರಹಳ್ಳಿ ಕೆರೆಯಲ್ಲಿ ಹೆಜ್ಜಾರ್ಲೆ ನೋಡಿದಳು. ಇನ್ನೊಂದು ದಿನ ರಂಗನತಿಟ್ಟಿಗೆ ಹೋಗಿ ದೋಣಿಯಲ್ಲಿ ಕೂತೆವು. ಆ ವಾರ ಎರಡು ವಾರ ಆಯಿತು. ಆಗಲಿ ಬಿಡಿ. ಏಳನೇ ದಿನದ ವಾರ ಏನೂ ಮಾಡಲಿಲ್ಲ, ಯಾಕೆಂದರೆ ಅದು ವಿಶ್ರಾಂತಿಯದ್ದು.

ಬಿತ್ತುವವನ ಸಾಮ್ಯಕ್ಕೆ ಅಜ್ಜನ ಗದ್ದೆಗೇ ಹೋದೆವು. ಭತ್ತದ ಒಟ್ಟಲಿಗೆ ಬೀಜ ಚೆಲ್ಲುವ ದಿನ. ಬದುವಿನ ಮೇಲೆ ಬಿದ್ದ ಕಾಳನ್ನು ಗೊರವಂಕ ಬಂದು ಹೆಕ್ಕಿದ್ದನ್ನು ಅವಳೇ ಕಂಡುಹಿಡಿದು ಕೂಗಿದಳು. ದಾರಿ ಮಗ್ಗುಲಲ್ಲಿ ಬಿದ್ದ ಬೀಜವನ್ನು ಹಕ್ಕಿಗಳು ತಿಂದವು ಅನ್ನೋ ಮತ್ತಾಯನ 13ನೇ ಅಧ್ಯಾಯವನ್ನು ನಾನು ವಿವರಿಸಬೇಕಾಗಿ ಬರಲಿಲ್ಲ. ಕ್ರಿಸ್ಮಸ್ಸಿಗೆ ಹಿಮದ ಗೊಂಬೆ ಬಿಟ್ಟು ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಹಸು ಹುಲ್ಲು ತಿನ್ನುವ ಜಾಗ ತೋರಿಸಿದೆ. "ಇಲ್ಲೇ ಪಾಪು ಯೇಸುವನ್ನ ಮಲಗಿಸಿದ್ದಾ? ಚುಚ್ಚಲ್ವಾ?" ಅಂದಳು. ಆಮೇಲೆ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಗೋದಲಿ ನೋಡಿದಾಗ ಅವಳು ಮೊದಲು ಪರೀಕ್ಷೆ ಮಾಡಿದ್ದು ಹುಲ್ಲನ್ನು.

ಯಾವ ಪೆಟ್ಟಿಗೆಯಲ್ಲೂ ಇಲ್ಲದ ಒಂದು ಪಾಠ ದಸರಾದಲ್ಲಿ ಬಂತು. ಪಕ್ಕದ ಮನೆಯವರು ಗೊಂಬೆ ಕೂರಿಸುತ್ತಾರೆ. "ನಮ್ಮನೇಲಿ ಯಾಕಿಲ್ಲ?" ಅಂತ ಕೇಳಿದಳು. ಅಮೆರಿಕದ ಪಠ್ಯ ಬರೆದವರಿಗೆ ಈ ಪ್ರಶ್ನೆ ಬಂದಿರಲಾರದು. ನಾನು ಎರಡು ದಿನ ಯೋಚಿಸಿದೆ, ಪ್ರಾರ್ಥನೆ ಮಾಡಿದೆ. ಆಮೇಲೆ ಹೇಳಿದೆ: "ಅದು ಅವರು ದೇವರನ್ನು ನೆನೆಯೋ ರೀತಿ. ನಾವು ಯೇಸುವನ್ನು ಪ್ರಾರ್ಥಿಸ್ತೀವಿ. ಆಂಟಿ ಕರೆದಿದ್ದಾರೆ, ಹೋಗಿ ನೋಡ್ಕೊಂಡು ಬರೋಣ." ಹೋದೆವು. ಆ ತಾಯಿ ಅವಳನ್ನು ಪಟ್ಟದ ಗೊಂಬೆಗಳ ಮುಂದೆ ಕೂರಿಸಿ ಒಂದೊಂದನ್ನೂ ಹೆಸರು ಹೇಳಿ ತೋರಿಸಿದರು. ಆ ವಾರ ನಾನು ಆರಿಸಿದ ಕಥೆ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಬೇರೆ ಜನದವನಿಗೆ ನೆರವಾದ ಒಳ್ಳೆಯ ಸಮಾರ್ಯದವನದ್ದು. ನೆರೆಯವರು ಅಂದರೆ ಯಾರು ಅಂತ ಕೇಳಿದರೆ ಅವಳು ಈಗಲೂ ಆ ಆಂಟಿಯ ಹೆಸರು ಹೇಳುತ್ತಾಳೆ. ನಿಮ್ಮ ಮನೆಯಲ್ಲಿ ಇದನ್ನು ಬೇರೆ ಥರ ಹೇಳಬಹುದು. ಆದರೆ ಮಗು ಕೇಳುವ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ.

ದಿನಕ್ಕೆ ನಾವು ಕೂರುವುದು ನಲವತ್ತು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ. ಹುಣಸೆ ಬೀಜದಲ್ಲಿ ಎಣಿಕೆ, ಒಂದು ಹಾಡು, ಒಂದು ಕಥೆ. ಸಂಡೇ ಸ್ಕೂಲ್ ಟೀಚರ್ ಒಬ್ಬರು ಹಳೆಯ ಫ್ಲಾನೆಲ್ ಬೋರ್ಡಿನ, ಅಂದರೆ ಬಟ್ಟೆಯ ಹಲಗೆಗೆ ಅಂಟಿಸಿ ಕಥೆ ಹೇಳುವ, ಚಿತ್ರಗಳನ್ನು ಕೊಟ್ಟರು. ಹೊಸ ಪುಸ್ತಕಗಳಿಗಿಂತ ಅವೇ ಹೆಚ್ಚು ಉಪಯೋಗಕ್ಕೆ ಬಂದವು. ಬಾಯಿಪಾಠ ವಾಕ್ಯಕ್ಕೆ ಚಾಕೊಲೇಟ್ ಕೊಡುವ ಅಭ್ಯಾಸ ಮಾತ್ರ ಕೆಟ್ಟಿತು. ವಾಕ್ಯ ಹೇಳಿ ಕೈ ಚಾಚುತ್ತಿದ್ದಳು. ನಿಲ್ಲಿಸಿದೆ.

ಅಕ್ಷರದ ವಿಷಯಕ್ಕೆ ಬಂದಾಗ ಉತ್ತರ ನಮ್ಮ ಜಿಲ್ಲೆಯಲ್ಲೇ ಇತ್ತು. ನಮ್ಮ ಬೀದಿಯ ಅಂಗನವಾಡಿಗೆ ಹೋಗಿ ಕಾರ್ಯಕರ್ತೆಯವರನ್ನು ಮಾತಾಡಿಸಿದೆ. ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಮೊದಲು ಬಂದದ್ದು ನಮ್ಮ ತಿ. ನರಸೀಪುರಕ್ಕೆ. ಅವರು ಚಿಲಿಪಿಲಿ ಪುಸ್ತಕ ತೋರಿಸಿದರು. ಹಾಡು, ಆಟ, ಕಥೆ ಎಲ್ಲ ವಾರವಾರಕ್ಕೆ ಜೋಡಿಸಿದ್ದಾರೆ. ನಾನು ದುಡ್ಡು ಕೊಟ್ಟು ಹುಡುಕುತ್ತಿದ್ದುದರಲ್ಲಿ ಬಹುಪಾಲು ಅದರಲ್ಲೇ ಇತ್ತು, ಅದೂ ಕನ್ನಡದಲ್ಲಿ. ಇನ್ನೊಂದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಹುಟ್ಟಿದ ಪದ್ಧತಿ. ಅದರಲ್ಲಿ ಅಕ್ಷರಗಳು ಅ, ಆ, ಇ, ಈ ಅಂತ ಸಾಲಾಗಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭ, ಐದರಲ್ಲೇ ಸರ, ರಸ, ಅಗಸ, ಗರಗಸ ಅಂತ ಪದ ಕಟ್ಟಬಹುದು. ಪೆನ್ಸಿಲ್ ಪಕ್ಕಕ್ಕಿಟ್ಟು ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಲ್ಲಿ ಬರೆಸಿದೆ. ಕೂತು ಬರೆ ಅಂತ ಒಂದು ದಿನವೂ ಹೇಳಲಿಲ್ಲ. ಐದು ತುಂಬಿದ ಮೇಲೆ ಅವಳೇ ಸೀಮೆಸುಣ್ಣ ಹಿಡಿದಳು.

ಹೋದ ತಿಂಗಳು ಒಂದು ಸಂಜೆ ಅಜ್ಜಿ ಸತ್ಯವೇದ (ಕನ್ನಡ ಬೈಬಲ್) ತೆರೆದು ದಾವೀದನ ಕಥೆ ಓದುತ್ತಿದ್ದರು. ಅವಳು ಪಕ್ಕದಲ್ಲಿ ಮಂಡಿಯೂರಿ ಕೂತು ಪುಟದ ಮೇಲೆ ಬೆರಳು ಓಡಿಸುತ್ತಿದ್ದಳು. ಬೆರಳು ಒಂದು ಕಡೆ ನಿಂತಿತು. "ಅ... ರ... ಸ..." ಮತ್ತೆ ಒಟ್ಟಿಗೆ, "ಅರಸ!" ಅಜ್ಜಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವಳು ಆ ಪುಟದಲ್ಲಿ ಇನ್ನೂ ಎಲ್ಲೆಲ್ಲಿ ಅರಸ ಇದ್ದಾನೆ ಅಂತ ಹುಡುಕಿದಳು. ಆಮೇಲೆ, "ಕುರುಬ ಎಲ್ಲಿದ್ದಾನೆ, ತೋರ್ಸಜ್ಜಿ" ಅಂದಳು. ಅಜ್ಜಿ 23ನೇ ಕೀರ್ತನೆ ತೆಗೆದು ಪದದ ಕೆಳಗೆ ಬೆರಳಿಟ್ಟರು. ಅವಳು ತುಂಬಾ ಹೊತ್ತು ನೋಡಿದಳು. ನಾವು ಇನ್ನೂ ಕ ಕಲಿತಿಲ್ಲ. ಕೊಂಬು ಅದಾದ ಮೇಲೆ.