ಗೇರ್‌ಬಾಕ್ಸ್ ಇಳಿಸುವ ಮುಂಚೆ ಪೆಡಲ್ ನೋಡಿ

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಡೀಸೆಲ್ ಪಿಕಪ್‌ಗಳು ನಮ್ಮ ಶಿವಮೊಗ್ಗ ಕಡೆ ಓಡಾಡಲು ಶುರುವಾದ ಮೇಲೆ ಗ್ಯಾರೇಜಿನಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ: ಗಾಡಿ ಗೇರ್ ಹುಡುಕಾಡ್ತದೆ. ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರ ಗಾಡಿ ಬಂದದ್ದೂ ಇದೇ ದೂರಿನ ಮೇಲೆ. ಹುಲಿಕಲ್ ಘಾಟಿ ಹತ್ತುವಾಗ ಕಾಲು ಒಂದೇ ಹದದಲ್ಲಿ ಇಟ್ಟಿದ್ದರೂ ಎಂಜಿನ್ ಸದ್ದು ಏರುವುದು, ಇಳಿಯುವುದು. ಬೇರೊಂದು ಕಡೆ ತೋರಿಸಿದ್ದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು ಅಂದಿದ್ದರಂತೆ.

"ಎಂತ ಮಾಡೂದು ಮಾರಾಯ, ಈ ಸಲದ ಕೊಯ್ಲಿನ ದುಡ್ಡು ಇದಕ್ಕೇ ಹೋಗ್ತದೆ."

"ಇಳಿಸೂದು ಯಾವಾಗ್ಲೂ ಇದ್ದದ್ದೇ ಗೌಡ್ರೇ, ಮೊದ್ಲು ಒಂದು ರೌಂಡ್ ಹೋಗಿ ಬರುವ" ಅಂದೆ.

ಆಯನೂರು ರಸ್ತೆಯಲ್ಲಿ ಓಡಿಸಿ ನೋಡಿದೆ. ಆರ್‌ಪಿಎಂ ಮುಳ್ಳು 300ರಷ್ಟು ಮೇಲೆ ಹಾರಿ ಮತ್ತೆ ಕೂರುತ್ತಿತ್ತು, ಸ್ಪೀಡ್ ಮಾತ್ರ ಅಷ್ಟೇ ಇತ್ತು. ಗೇರೇ ಬದಲಾಗಿದ್ದರೆ ವ್ಯತ್ಯಾಸ ಇದಕ್ಕಿಂತ ದೊಡ್ಡದಿರುತ್ತದೆ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ ಟಾರ್ಕ್ ಕನ್ವರ್ಟರ್; ಎರಡನ್ನೂ ನೇರವಾಗಿ ಬೆಸೆಯುವುದು ಅದರ ಒಳಗಿನ ಲಾಕಪ್ ಕ್ಲಚ್. ಹೀಗಾಗಿ ಅನುಮಾನ ಆ ಲಾಕಪ್ ಮೇಲೆ ಹೋಯಿತು: ಹಿಡಿಯುತ್ತಿದೆ, ಬಿಡುತ್ತಿದೆ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ, ಬ್ರೇಕ್ ಲೈಟ್ ಹೊತ್ತಿಕೊಳ್ಳುವಷ್ಟು ಮಾತ್ರ ಎಡಗಾಲಿನಿಂದ ಬ್ರೇಕ್ ಪೆಡಲ್ ಸವರಬೇಕು. ಬ್ರೇಕ್ ಸ್ವಿಚ್ಚಿನ ಸಿಗ್ನಲ್ ಸಿಕ್ಕರೆ ಲಾಕಪ್ ಬಿಟ್ಟುಕೊಳ್ಳುತ್ತದೆ. ಸವರಿದೆ, ಏರಿಳಿತ ನಿಂತಿತು. ವಾಪಸ್ ಬಂದು ಗೇರ್ ಎಣ್ಣೆ ನೋಡಿದರೆ ಕೆಂಪಗೇ ಇದೆ, ಸುಟ್ಟ ವಾಸನೆ ಇಲ್ಲ. ಒಳಗಿನ ಕ್ಲಚ್ ಸವೆದು ಹೋದ ಗೇರ್‌ಬಾಕ್ಸಿನ ಎಣ್ಣೆ ಹೀಗಿರುವುದಿಲ್ಲ.

ಲಾಕಪ್ ಯಾವಾಗ ಹಿಡಿಯಬೇಕು, ಗೇರ್ ಯಾವಾಗ ಬೀಳಬೇಕು ಎಂದು ಗೇರ್‌ಬಾಕ್ಸಿನ ಕಂಪ್ಯೂಟರ್ ತೀರ್ಮಾನಿಸುವುದು ಮುಖ್ಯವಾಗಿ ಎರಡು ಲೆಕ್ಕದ ಮೇಲೆ: ಗಾಡಿಯ ವೇಗ, ಡ್ರೈವರ್ ಕಾಲು ಎಷ್ಟು ಒತ್ತಿದ್ದಾನೆ ಎನ್ನುವುದು. ಈಗಿನ ಡೀಸೆಲ್ ಗಾಡಿಗಳಲ್ಲಿ ಕಾಲಿನ ಲೆಕ್ಕ ಬರುವುದು ಆಕ್ಸಿಲರೇಟರ್ ಪೆಡಲ್ ಮೇಲಿರುವ ಸೆನ್ಸರಿನಿಂದ. ಎಂಜಿನ್ ಗಾಳಿ ಎಳೆಯುವ ಬಾಯಲ್ಲೊಂದು ಥ್ರಾಟಲ್ ಮುಚ್ಚಳ ಇದ್ದರೂ ಅದರ ಕೆಲಸ ಇಜಿಆರ್‌ಗೆ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ವ್ಯವಸ್ಥೆಗೆ) ಸಹಾಯ ಮಾಡುವುದು, ಎಂಜಿನ್ ಆರಿಸುವಾಗ ಗಾಳಿ ಕಟ್ಟುವುದು ಇಂಥವು. ಇದನ್ನು ತಿಳಿಯದೆ ದುಬಾರಿ ಥ್ರಾಟಲ್ ಬಾಡಿ ಬದಲಾಯಿಸಿ, ದೂರು ಹಾಗೇ ಉಳಿದು, ಆಮೇಲೆ ನಮ್ಮಲ್ಲಿಗೆ ಬಂದ ಗಾಡಿಗಳೂ ಇವೆ.

ಸ್ಕ್ಯಾನರ್ ಹಾಕಿದೆ. ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಒಂದೂ ಇಲ್ಲ. ಬಹಳ ಜನ ಇಲ್ಲಿಗೇ ಸೆನ್ಸರನ್ನು ಕೈಬಿಡುತ್ತಾರೆ. ಪೆಡಲ್ ಸೆನ್ಸರಿನಲ್ಲಿ ಎರಡು ಸಿಗ್ನಲ್ ಇರುತ್ತವೆ, ಒಂದನ್ನೊಂದು ತಾಳೆ ನೋಡಲಿಕ್ಕೆ. ಎರಡರ ನಡುವಿನ ವ್ಯತ್ಯಾಸ ಮಿತಿ ದಾಟಿದರೆ ಪಿ2138 ಎಂಬ ಕೋಡ್ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ. ಮಿತಿಯೊಳಗೇ ಕ್ಷಣ ಹೊತ್ತು ಹಾರಿ ಇಳಿಯುವ ಸಿಗ್ನಲ್‌ಗೆ ಯಾವ ಕೋಡೂ ಬರುವುದಿಲ್ಲ, ಗೇರ್‌ಬಾಕ್ಸ್ ಮಾತ್ರ ಅದನ್ನು ನಂಬಿ ಕುಣಿಯುತ್ತದೆ.

ಹಾಗಾಗಿ ಮೀಟರ್ ಹಿಡಿದು ಪೆಡಲ್ ಬುಡದಲ್ಲಿ ಕೂತೆ. ವೈರಿಗೆ ಸೂಜಿ ಚುಚ್ಚಲಿಲ್ಲ, ಚುಚ್ಚಿದ ತೂತಿನಿಂದಲೇ ಮಳೆಗಾಲದಲ್ಲಿ ನೀರು ಒಳಹೋಗುತ್ತದೆ. ಕನೆಕ್ಟರ್ ಹಿಂಬದಿಯಿಂದ ಪಿನ್ ಮುಟ್ಟಿಸಿದೆ. ಸಪ್ಲೈ 5 ವೋಲ್ಟ್ ಸರಿ ಇದೆ. ಕಾಲು ತೆಗೆದಾಗ ಮೊದಲ ಸಿಗ್ನಲ್ 0.75ರ ಆಸುಪಾಸು, ಪೂರ್ತಿ ಒತ್ತಿದರೆ 4ರ ಹತ್ತಿರ, ಎರಡನೆಯದು ಅದರ ಅರ್ಧ. ನಿಧಾನವಾಗಿ ಒತ್ತುತ್ತಾ ಹೋದರೆ ಎಲ್ಲೂ ಮುಗ್ಗರಿಸಲಿಲ್ಲ. ಇದಕ್ಕೆ ನಾನು ಇಂದಿಗೂ ಹಳೆಯ ಮುಳ್ಳಿನ ಮೀಟರನ್ನೇ ಬಳಸುತ್ತೇನೆ. ಸಾಧಾರಣ ಡಿಜಿಟಲ್ ಮೀಟರ್ ಅಂಕಿ ಬದಲಾಯಿಸುವಷ್ಟರಲ್ಲಿ ಸಣ್ಣ ಜಿಗಿತ ಆಗಿ ಮುಗಿದಿರುತ್ತದೆ.

ವೈರಿನ ಕಟ್ಟು ಹಿಡಿದು ಅಲ್ಲಾಡಿಸಿದಾಗ ಮುಳ್ಳು ಮೇಲೆ ಹಾರಿತು. ಮೇಲೆ ಹಾರಿದ್ದೇ ಸುಳಿವು. ಸಿಗ್ನಲ್ ವೈರ್ ಕಡಿದಿದ್ದರೆ ಸಾಮಾನ್ಯವಾಗಿ ಕೆಳಗೆ ಬೀಳಬೇಕು. ಅರ್ತ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ, ದುರ್ಬಲವಾದಾಗ ವೋಲ್ಟ್ ಏರುತ್ತದೆ, ಕಂಪ್ಯೂಟರಿಗೆ ಡ್ರೈವರ್ ಇನ್ನಷ್ಟು ಒತ್ತಿದಂತೆ ಕಾಣುತ್ತದೆ. ಸೆನ್ಸರಿನ ಅರ್ತ್ ಪಿನ್ನಿನಿಂದ ಬ್ಯಾಟರಿ ಮೈನಸ್‌ಗೆ ಅಳೆದೆ. ಸೊನ್ನೆಯ ಹತ್ತಿರ ಇರಬೇಕಾದಲ್ಲಿ 0.15 ವೋಲ್ಟ್‌ವರೆಗೆ ಓಲಾಡುತ್ತಿತ್ತು. ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದರೆ ಆ ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ರಬ್ಬರ್ ಸೀಲಿನ ಒಳಗೆ ತೇವ.

ಕ್ಯಾಬಿನ್ ಒಳಗೆ ನೀರು ಹೇಗೆ? ವೈಪರ್ ಕೆಳಗಿನ ಜಾಲರಿ ತೆಗೆದಾಗ ಗೊತ್ತಾಯಿತು. ಕೊಳೆತ ಎಲೆ, ಮಣ್ಣು ಸೇರಿ ನೀರು ಹೋಗುವ ತೂತು ಮುಚ್ಚಿಹೋಗಿತ್ತು. ಗೌಡರು ಗಾಡಿ ನಿಲ್ಲಿಸುವುದು ಅಂಗಳದ ಹಲಸಿನ ಮರದ ಕೆಳಗೆ. ಮಳೆ ನೀರು ಅಲ್ಲಿ ಕಟ್ಟಿಕೊಂಡು, ಡ್ಯಾಶ್‌ಬೋರ್ಡ್ ಹಿಂದಿನಿಂದ ವೈರಿಂಗ್ ಹಿಡಿದು ಪೆಡಲ್‌ವರೆಗೆ ಇಳಿದಿತ್ತು.

ಕಿಲುಬನ್ನು ಬ್ಲೇಡಿನಿಂದ ಕೆರೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಕೆರೆದರೆ ಪಿನ್ನಿನ ಮೇಲಿನ ಲೇಪವೂ ಹೋಗಿ ಮುಂದಿನ ಮಳೆಗಾಲಕ್ಕೆ ಅದೇ ದೂರು. ಆ ಟರ್ಮಿನಲನ್ನೇ ಹೊಸದು ಹಾಕಿ, ಉಳಿದವನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಸೀಲಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದೆ. ಸೆನ್ಸರ್ ಬದಲಾಯಿಸಲಿಲ್ಲ, ಅದರಲ್ಲಿ ದೋಷವೇ ಇರಲಿಲ್ಲ. ನೀರಿನ ದಾರಿ ಬಿಡಿಸಿ, ಸ್ಕ್ಯಾನರಿನಲ್ಲಿ ಗೇರ್‌ಬಾಕ್ಸ್ ಕಲಿತಿಟ್ಟುಕೊಂಡಿದ್ದ ಲೆಕ್ಕ ಅಳಿಸಿದೆ. ಅಡಿಕೆ ಚೀಲ ಹೇರಿಕೊಂಡು ಅದೇ ಘಾಟಿ ಹತ್ತಿದ ಮೇಲೆ ಗೌಡರು ಫೋನ್ ಮಾಡಿದರು, ಹುಡುಕಾಟ ಇಲ್ಲ.

ಇಂಥ ಗಾಡಿಯಲ್ಲಿ ಇನ್ನೊಂದನ್ನೂ ನೋಡದೆ ಬಿಡಬೇಡಿ: ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಎಸಿ ಕರೆಂಟನ್ನು ಡಿಸಿ ಮಾಡುವ ಅದರ ಡಯೋಡ್ ಹೋಗಿದ್ದರೆ ಎಸಿ ಅಲೆ ಸಿಗ್ನಲ್‌ಗಳಲ್ಲಿ ಸೇರಿಕೊಂಡು ಲಾಕಪ್ ಹೀಗೇ ಆಡಬಹುದು. ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಬ್ಯಾಟರಿ ಮೇಲೆ ಎಸಿ ವೋಲ್ಟ್ ಅಳೆಯಿರಿ, 0.1 ದಾಟಿದರೆ ಅನುಮಾನಿಸಿ. ಪೆಡಲ್, ಅರ್ತ್, ಆಲ್ಟರ್ನೇಟರ್ ಎಲ್ಲ ಸರಿಯಿದ್ದು, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಆಗ ಜಾಕ್ ತನ್ನಿ, ಗೇರ್‌ಬಾಕ್ಸ್ ಇಳಿಸುವ.